ಬೊಜ್ಜಿಲ್ಲದ ಲೆಕ್ಕ

ಹಣಕಾಸು ಇಲಾಖೆಯ ಮೂರನೇ ಮಹಡಿಯಲ್ಲಿ ಅವಳಿಗೆ ಕತ್ತರಿ ಎಂದು ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ಕತ್ತರಿ. ಅವಳಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಒಮ್ಮೆ ಲಿಫ್ಟಿನಲ್ಲಿ ಇಬ್ಬರು ಗುಮಾಸ್ತರು ಇವತ್ತು ಕತ್ತರಿ ಬಂದಿದೆಯೋ ಇಲ್ಲವೋ ಎಂದು ಪಿಸುಗುಟ್ಟುತ್ತಿದ್ದಾಗ, ಹಿಂದೆ ನಿಂತಿದ್ದ ಅವಳೇ "ಬಂದಿದೆ, ಸಾಣೆನೂ ಹಿಡಿಸ್ಕೊಂಡು ಬಂದಿದೆ" ಎಂದಳಂತೆ. ಆ ಇಬ್ಬರು ಆಮೇಲೆ ಬಹಳ ದಿನ ಮೆಟ್ಟಿಲು ಹತ್ತಿಕೊಂಡೇ ಓಡಾಡಿದರು.

ಅವಳ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ರಾಜ್ಯ ಸರ್ಕಾರ ವರ್ಷಕ್ಕೊಮ್ಮೆ ಬಜೆಟ್ ಮಂಡಿಸುತ್ತದೆ. ಅದಕ್ಕೆ ಮುಂಚೆ ಎಲ್ಲ ಇಲಾಖೆಗಳೂ ಬರುವ ವರ್ಷಕ್ಕೆ ನಮಗಿಷ್ಟು ಬೇಕು ಎಂದು ಬೇಡಿಕೆ ಕಳಿಸುತ್ತವೆ. ರಸ್ತೆ, ನೀರಾವರಿ, ಪೊಲೀಸು, ಇಂಥ ದೊಡ್ಡ ಬೇಡಿಕೆಗಳು ದೊಡ್ಡ ಮೇಜುಗಳಿಗೆ ಹೋಗುತ್ತವೆ. ಚಿಲ್ಲರೆಯೆಲ್ಲ ಇವಳ ಮೇಜಿಗೆ: ವಸ್ತುಸಂಗ್ರಹಾಲಯ, ದನದ ಆಸ್ಪತ್ರೆ, ಗ್ರಂಥಾಲಯ, ಅತಿಥಿಗೃಹ, ಅನಾಥಾಲಯ, ಪಾಲನಾಗೃಹ. ಎಲ್ಲ ಕೂಡಿಸಿದರೂ ಒಂದು ಮೇಲ್ಸೇತುವೆಯ ಅರ್ಧ ಖರ್ಚಾಗದು. ಆದರೆ ಖರ್ಚು ಇಳಿಸಿ ಎಂದು ಮೇಲಿನಿಂದ ಮಾತು ಬಂದರೆ ಎಲ್ಲರ ಕಣ್ಣು ಮೊದಲು ಬೀಳುವುದು ಈ ಚಿಲ್ಲರೆಯ ಮೇಲೆಯೇ. ಮೇಲ್ಸೇತುವೆಯ ಪರ ಮಾತಾಡುವವರು ಇರುತ್ತಾರೆ, ದನದ ಆಸ್ಪತ್ರೆಗೆ ಯಾರಿದ್ದಾರೆ?

ಅವಳ ಕತ್ತರಿಯ ಅಳತೆ ಇಲಾಖೆಗಳಿಗೆಲ್ಲ ಬಾಯಿಪಾಠವಾಗಿತ್ತು. ಐದರಲ್ಲಿ ಒಂದು ಪಾಲು ಹೋಗೇ ಹೋಗುತ್ತದೆ. ಹಾಗಾಗಿ ನಾಲ್ಕು ಬೇಕಾದವರು ಐದು ಕೇಳುತ್ತಿದ್ದರು. ಆ ಹೆಚ್ಚುವರಿಗೆ ಕಚೇರಿಯವರು ಇಟ್ಟ ಹೆಸರು ಬೊಜ್ಜು. ಅವರು ಬೊಜ್ಜು ಸೇರಿಸಿ ಕಳಿಸುವುದು, ಇವಳು ಬೊಜ್ಜು ತೆಗೆಯುವುದು. ಅವರಿಗೆ ಬೇಕಾದಷ್ಟು ಸಿಕ್ಕಿತು, ಇವರಿಗೆ ಉಳಿಸಿದೆವು ಎಂದು ಹೇಳಿಕೊಳ್ಳಲು ಬಾಯಿ ಸಿಕ್ಕಿತು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಹಳೆಯ ಅಧಿಕಾರಿ ಕಪಾಟಿನ ಕೀಲಿ ಕೊಟ್ಟು ಹೋಗುವಾಗ ಹೊಸಬರ ಕಿವಿಯಲ್ಲಿ ಹೇಳಿಹೋಗಬೇಕಾದ ಮಾತು. ಕೇಳಿ ಮೂಗು ಮುರಿಯಬೇಡಿ. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವ ನಾವೆಲ್ಲ ಮಾಡುವುದು ಇದನ್ನೇ, ನಮ್ಮದಕ್ಕೆ ಸರ್ಕಾರದ ಮೊಹರು ಇರುವುದಿಲ್ಲ ಅಷ್ಟೆ.

ಅವಳ ಹೆಮ್ಮೆ ಒಂದೇ. ತನ್ನವರು ಪರರು ಎಂದು ಭೇದ ಮಾಡಿದವಳಲ್ಲ. ಅವಳ ಭಾವನೇ ಒಂದು ಗ್ರಂಥಾಲಯದ ಮುಖ್ಯಸ್ಥನಾಗಿದ್ದ. ಸ್ವಲ್ಪ ನೋಡ್ಕೊಳ್ಳಿ ಎಂದು ಮನೆಗೇ ಬಂದು ಕೇಳಿದ. ಚಹಾ ಕೊಟ್ಟು ಕಳಿಸಿದಳು, ಮಾರನೇ ದಿನ ಐದರಲ್ಲಿ ಒಂದು ಪಾಲು ತೆಗೆದಳು. ಅವನು ಎರಡು ವರ್ಷ ಮುಖ ಗಂಟು ಹಾಕಿಕೊಂಡಿದ್ದ. ಅವಳಿಗೆ ಅದರಿಂದ ಒಳಗೊಳಗೇ ಖುಷಿಯೇ ಆಗಿತ್ತು ಎಂದು ಗಂಡ ಕಾಲೆಳೆಯುತ್ತಿದ್ದ.

ಇನ್ನು ಅವಳ ತಮ್ಮನ ವಿಷಯ. ಅವಳ ಮೇಜಿಗೆ ಬರುತ್ತಿದ್ದ ಪಾಲನಾಗೃಹ ಎಂದೆನಲ್ಲ, ವಯಸ್ಸು ಬೆಳೆದರೂ ಮಗುವಾಗಿಯೇ ಉಳಿದವರನ್ನು ಸರ್ಕಾರ ಅಲ್ಲಿಟ್ಟು ಸಾಕುತ್ತದೆ. ಅಂಥವು ರಾಜ್ಯದಲ್ಲಿ ಕೆಲವಿದ್ದವು, ತಮ್ಮ ಇದ್ದದ್ದು ಒಂದರಲ್ಲಿ. ತಲೆ ಅರ್ಧ ನೆರೆತಿತ್ತು, ಬುದ್ಧಿ ನಾಲ್ಕು ವರ್ಷದ ಮಗುವಿನದು. ಕಿಟಕಿ ಪಕ್ಕದ ಮಂಚ ಅವನದು. ಎದುರುಗಡೆ ಕಟ್ಟಡದ ನೀರಿನ ಟ್ಯಾಂಕು ತುಂಬಿ ಸೋರುವುದನ್ನು ನೋಡುತ್ತಾ ಕೂರುತ್ತಿದ್ದ. ಬಟ್ಟೆ ಒಗೆಯುವ ಕೋಣೆಯಲ್ಲಿ ಟವೆಲ್ ಮಡಿಸುವ ಕೆಲಸ ಅವನಿಗೆ ಕೊಟ್ಟಿದ್ದರು. ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದ, ಒಂದು ನೂಲಿನಷ್ಟೂ ಆಚೀಚೆ ಆಗುತ್ತಿರಲಿಲ್ಲ.

ಅವನನ್ನು ಅಲ್ಲಿಂದ ಕದಲಿಸುವಂತಿರಲಿಲ್ಲ. ಒಮ್ಮೆ ಪಾಲನಾಗೃಹಕ್ಕೆ ಬಣ್ಣ ಬಳಿಯುತ್ತಾರೆಂದು ಒಂದು ವಾರದ ಮಟ್ಟಿಗೆ ಮನೆಗೆ ಕರೆತಂದಿದ್ದಳು. ನಾಲ್ಕನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಅವನು ಬಚ್ಚಲುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತವನು ಏಳಲೇ ಇಲ್ಲ. ಅನ್ನ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಹಣೆಯನ್ನು ಗೋಡೆಗೆ ಬಡಿದುಕೊಳ್ಳತೊಡಗಿದ. ಕೆಳಗಿನ ಮನೆಯವರು ಮೇಲೆ ಬಂದು ನೋಡಿ, ಬೈಯಲು ಬಂದವರು ಬೈಯದೆ ಇಳಿದುಹೋದರು. ಕೊನೆಗೆ ಆಸ್ಪತ್ರೆಗೆ ಹಾಕಿ ಬಾಟಲಿ ಏರಿಸಿ ಜೀವ ಉಳಿಸಬೇಕಾಯಿತು. ಇನ್ನೊಂದು ಸಲ ಜಾಗ ಬದಲಾಯಿಸಿದರೆ ನಾವು ಕೈಚೆಲ್ಲಬೇಕಾಗುತ್ತದೆ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದರು. ತಿರುಗಿ ಆ ಕಿಟಕಿ ಪಕ್ಕದ ಮಂಚದ ಮೇಲೆ ಕೂರಿಸಿದ್ದೇ ತಡ, ಬ್ರೆಡ್ಡಿಗೆ ಕೈ ಚಾಚಿದ.

ವಾರ ಬಿಟ್ಟು ವಾರ, ಭಾನುವಾರ ಬೆಳಿಗ್ಗೆ ಅವಳು ನೋಡಲು ಹೋಗುತ್ತಿದ್ದಳು. ಅವಳು ಇನ್ನೂ ಕೂತಿರುತ್ತಿರಲಿಲ್ಲ, ಅಷ್ಟರಲ್ಲೇ ಅವನು ಎರಡೂ ಕೈ ಮುಂದೆ ಚಾಚುತ್ತಿದ್ದ. ಉಗುರು ತೆಗೆಯಬೇಕು. ಚಿಕ್ಕಂದಿನಲ್ಲಿ ಅಮ್ಮ ಹಾಸಿಗೆ ಹಿಡಿದಾಗಿನಿಂದ ಅವನ ಉಗುರು ತೆಗೆಯುವುದು ಇವಳ ಪಾಲಿಗೆ ಬಂದಿತ್ತು. ಬೇರೆ ಯಾರು ಕೈ ಹಿಡಿದರೂ ಕಿರುಚುತ್ತಿದ್ದ. ಅವಳು ಚೀಲದಿಂದ ಸಣ್ಣ ಕತ್ತರಿ ತೆಗೆದು ಒಂದೊಂದೇ ಬೆರಳು ಹಿಡಿದು ತೆಗೆಯುತ್ತಿದ್ದಳು. ಅವನು ಕ್ಷೌರದಂಗಡಿಯಲ್ಲಿ ಕೂತ ದೊಡ್ಡ ಮನುಷ್ಯನ ಹಾಗೆ ಬೇರೆ ಕಡೆ ನೋಡುತ್ತಿದ್ದ. ಹತ್ತೂ ಬೆರಳು ಮುಗಿದಾಗ ಕೈ ಹಿಂದಕ್ಕೆಳೆದು, ತಿರುಗಿಸಿ ನೋಡಿ, "ಆಯ್ತು" ಎನ್ನುತ್ತಿದ್ದ. ಅವರಿಬ್ಬರ ನಡುವೆ ಇದ್ದ ಮಾತು ಅದೊಂದೇ. ಆದರೆ ಆ ಒಂದು ಮಾತಿಗಾಗಿ ಅವಳು ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದಳು ಎನ್ನುವುದು ನಿಜ.

ಆ ವರ್ಷ ಎಲ್ಲದರ ಬೆಲೆ ಏರಿತು. ಹಾಲು, ಎಣ್ಣೆ, ಗ್ಯಾಸು, ಔಷಧಿ, ಬಾಡಿಗೆ. ಅವಳ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಹೊಸದು ಕೊಳ್ಳಲಾಗದೆ ಜನ ಹಳೆಯದನ್ನೇ ಹೊತ್ತು ತರುತ್ತಿದ್ದರು, ಕೆಲಸವೇನೋ ಹೆಚ್ಚಿತ್ತು. ಬಿಡಿಭಾಗದ ಬೆಲೆಯಲ್ಲಿ ದುಡಿದದ್ದೆಲ್ಲ ಹೋಗುತ್ತಿತ್ತು. ಮನೆಯಲ್ಲಿ ಹಾಲಿಗೆ ನೀರು ಸೇರಿತು. ಗಂಡ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಕತ್ತರೀನ ಮನೆಗೂ ತಂದ್ಬಿಟ್ಯಲ್ಲ ಮಾರಾಯ್ತಿ" ಎಂದ. ಅವಳು ನಕ್ಕಳು. ನಗು ಬಂದದ್ದೂ ಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಸರ್ಕಾರದ ಮನೆಯಲ್ಲೂ ಅದೇ ಪಾಡು, ಇನ್ನೂ ಒಂದು ಕೈ ಮೇಲೆ. ಬೆಲೆ ಏರಿತೆಂದರೆ ನೌಕರರ ತುಟ್ಟಿಭತ್ಯೆ ಏರಿಸಬೇಕು, ನಿವೃತ್ತರ ಪಿಂಚಣಿ ಏರಿಸಬೇಕು, ಹಳೆ ಸಾಲದ ಬಡ್ಡಿ ತಪ್ಪಿಸುವಂತಿಲ್ಲ. ಹೋಗುವುದು ಹೀಗೆ ಖಚಿತ. ಬರುವುದಕ್ಕೆ ಮಾತ್ರ ಗ್ಯಾರಂಟಿ ಇಲ್ಲ. ಮನೆ ನಿವೇಶನ ಕೊಳ್ಳುವವರು ಕಡಿಮೆಯಾಗಿ ನೋಂದಣಿ ಶುಲ್ಕ ಇಳಿಯಿತು. ಇಂಧನ ತುಟ್ಟಿಯೆಂದು ಜನ ಕೂಗಿದ್ದಕ್ಕೆ ಮಂತ್ರಿಗಳು ಅದರ ತೆರಿಗೆಯನ್ನು ಒಂದೇ ಭಾಷಣದಲ್ಲಿ ಇಳಿಸಿಬಿಟ್ಟರು; ಚಪ್ಪಾಳೆ ಅವರಿಗೆ, ಹಳ್ಳ ಖಜಾನೆಗೆ. ಕೇಂದ್ರದಿಂದ ಬರಬೇಕಾದ ಪಾಲು ಇವತ್ತು ಬಂತು ನಾಳೆ ಬಂತು ಎನ್ನುತ್ತಾ ಋತುವೇ ಕಳೆಯಿತು. ವರಮಾನದ ಅಂದಾಜು ಹಾಕುವ ಎದುರು ಮೇಜಿನವನು ಹಾಕಿದ್ದನ್ನು ಅಳಿಸಿ ಅಳಿಸಿ, ತಲೆ ಕೆಟ್ಟು, ಜ್ಯೋತಿಷ್ಯದಂಗಡಿ ಇಟ್ಟಿದ್ದರೆ ಇಷ್ಟು ಸುಳ್ಳು ಹೇಳಬೇಕಿರಲಿಲ್ಲ ಎಂದ.

ಸಂಬಳ ಮುಟ್ಟುವಂತಿಲ್ಲ, ಪಿಂಚಣಿ ಮುಟ್ಟುವಂತಿಲ್ಲ, ಬಡ್ಡಿ ಮುಟ್ಟುವಂತಿಲ್ಲ. ಮುಟ್ಟಬಹುದಾದದ್ದು ಏನುಳಿಯಿತು ಹೇಳಿ? ಹಾಲು, ಮೊಟ್ಟೆ, ಚಾವಣಿಯ ದುರಸ್ತಿ, ದಿನಗೂಲಿ ಆಯಾಗಳು. ಅವಳ ಮೇಜಿನ ಚಿಲ್ಲರೆ.

ಪಾಲನಾಗೃಹದ ಬೇಡಿಕೆ ಬಂದಾಗ ಅದು ತಮ್ಮನಿರುವ ಜಾಗ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದದ್ದರಿಂದಲೇ ಎರಡನೇ ಸಲ ನೋಡಲಿಲ್ಲ. ನೋಡಿದರೆ ತಮ್ಮನೆಂದು ಕಡಿಮೆ ಕತ್ತರಿಸಿಯೇನು ಎಂಬ ಭಯ. ಎಲ್ಲರಿಗೂ ತೆಗೆದ ಹಾಗೆ ಐದರಲ್ಲಿ ಒಂದು ಪಾಲು ತೆಗೆದು ಪಕ್ಕಕ್ಕಿಟ್ಟಳು. ಅದು ಕೇಳಿದ್ದು ಹಿಂದಿನ ವರ್ಷಕ್ಕಿಂತ ಕಡಿಮೆಯೇ ಇದೆಯಲ್ಲ ಎಂಬುದು ಕಣ್ಣಿಗೆ ಬಿದ್ದಿತ್ತು. ಯಾರೋ ಜಾಣರು ಬೊಜ್ಜನ್ನು ಎಲ್ಲೋ ಅಡಗಿಸಿಟ್ಟಿದ್ದಾರೆ ಎಂದುಕೊಂಡಳು. ಫೋನ್ ಕೈಯಳತೆಯಲ್ಲೇ ಇತ್ತು. ಎತ್ತಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ತನ್ನವರ ಪರ ವಿಚಾರಿಸಿದ ಹಾಗಾಗುತ್ತದೆಂದು ಕೇಳಲಿಲ್ಲ.

ಬಜೆಟ್ ಪಾಸಾಗಿ, ಹೊಸ ವರ್ಷದ ಖರ್ಚು ಶುರುವಾದ ಮೇಲೆ ಒಂದು ಭಾನುವಾರ ಅವಳು ಹೋದಾಗ ಎಲ್ಲರ ತಟ್ಟೆಯಲ್ಲೂ ಅರ್ಧ ಮೊಟ್ಟೆ ಇತ್ತು. ಹಾಲಿನಲ್ಲಿ ಲೋಟದ ತಳ ಕಾಣುತ್ತಿತ್ತು. ಮೂವರು ಆಯಾಗಳ ಜಾಗದಲ್ಲಿ ಇಬ್ಬರಿದ್ದರು. ತಮ್ಮ ಮಾತ್ರ ಎಂದಿನಂತೆ ಕೈ ಚಾಚಿದ, ಉಗುರು ತೆಗೆದಳು, "ಆಯ್ತು" ಎಂದ. ಹೊರಡುವಾಗ ಪಾಲನಾಗೃಹ ನೋಡಿಕೊಳ್ಳುವ ಮೇಟ್ರನ್ ಅವಳನ್ನು ತನ್ನ ಕೋಣೆಗೆ ಕರೆದಳು. ಈ ಮೇಟ್ರನ್ ಹೊಸಬಳು. ಹಳೆಯವಳಿಗೆ ಇದ್ದಕ್ಕಿದ್ದ ಹಾಗೆ ಪಾರ್ಶ್ವವಾಯು ಬಡಿದು ಮಾತೇ ನಿಂತುಹೋಗಿತ್ತು. ಇವಳು ಬಂದು ಸೇರಿದಾಗ ಕೀಲಿ ಕೊಡಲು ಯಾರೂ ಇರಲಿಲ್ಲ, ಬೀಗ ಒಡೆಸಿ ಕಪಾಟು ತೆಗೆಸಿದ್ದಳು.

ಇವಳಿರುವುದು ಹಣಕಾಸು ಇಲಾಖೆಯಲ್ಲಿ ಎಂದು ಮೇಟ್ರನ್‌ಗೆ ಗೊತ್ತಿತ್ತು, ಆದರೆ ಜಗಳಕ್ಕೆ ಕರೆದಿರಲಿಲ್ಲ. ಮುಖದಲ್ಲಿ ಸಿಟ್ಟು ಇರಲಿಲ್ಲ, ನಿದ್ದೆ ಕೆಟ್ಟ ಸುಸ್ತಷ್ಟೇ ಇತ್ತು. ತಾನು ಎಲ್ಲಿ ತಪ್ಪಿದೆ ಎಂದು ತಿಳಿದುಕೊಳ್ಳಬೇಕಿತ್ತು ಅವಳಿಗೆ. ಸರ್ಕಾರಕ್ಕೆ ಕಷ್ಟ ಇದೆಯೆಂದು ಪೇಪರಿನಲ್ಲಿ ಓದಿದ್ದಳಂತೆ. ಅದಕ್ಕೇ ಕೂತು ಒಂದೊಂದು ಲೋಟ ಹಾಲಿನ ಲೆಕ್ಕ ಹಾಕಿ, ಬೇಡದ್ದನ್ನು ತಾನೇ ತೆಗೆದು, ಇದಕ್ಕಿಂತ ಕಡಿಮೆಯಾದರೆ ನಡೆಯದು ಎನ್ನುವಷ್ಟನ್ನು ಮಾತ್ರ ಕೇಳಿದ್ದಳಂತೆ.

"ಇದ್ದದ್ದು ಇದ್ದ ಹಾಗೇ ಬರೆದೆ ಮೇಡಂ. ಜಾಸ್ತಿ ಬರೀಬೇಕಿತ್ತು ಅಂತ ನಂಗೆ ಯಾರೂ ಹೇಳ್ಲಿಲ್ಲ."

ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಬಹಳ ಹೊತ್ತು ಮಡಿಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತಿಳಿಯುವುದಿಲ್ಲ, ಹಾಗೆ ಅವಳ ಮನಸ್ಸಿಗೆ ಜೋಮು ಹಿಡಿಯಿತು. ಬಸ್ಸಿನಲ್ಲಿ ಕೂತು ನಿಧಾನಕ್ಕೆ ಒಂದೊಂದೇ ಜೋಡಿಸಿದಳು. ಮೂವತ್ತು ವರ್ಷದ ಕೆಲಸದಲ್ಲಿ ಮೊದಲ ಸಲ ಬೊಜ್ಜಿಲ್ಲದ ಲೆಕ್ಕವೊಂದು ಅವಳ ಮುಂದೆ ಬಂದಿತ್ತು. ಅದನ್ನು ಅವಳು ಮೂಳೆಗೇ ಕತ್ತರಿಸಿದ್ದಳು. ತುಟ್ಟಿಭತ್ಯೆ ಏರಿ ಅವಳ ಸಂಬಳ ಹೆಚ್ಚಾದದ್ದೂ ಅದೇ ತಿಂಗಳು. ತಮ್ಮನ ಅರ್ಧ ಮೊಟ್ಟೆ ಎಲ್ಲಿಗೆ ಹೋಯಿತು ಎಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದಳು.

ಮಾರನೇ ದಿನ ದೊಡ್ಡ ಸಾಹೇಬರ ಬಳಿ ಹೋದಳು. ಅವರು ಅವಳ ವಿಭಾಗದ ಮುಖ್ಯಸ್ಥರು, ಕೆಟ್ಟವರಲ್ಲ. ಅವರ ಮೇಜಿನ ಮೇಲೆ ಕಡತಗಳಿಗಿಂತ ಮಾತ್ರೆಗಳ ಪಟ್ಟಿಗಳೇ ಹೆಚ್ಚು. ಬೇರೆ ಕಡೆಯ ಹಣವನ್ನು ಪಾಲನಾಗೃಹಕ್ಕೆ ವರ್ಗಾಯಿಸಲು ಅನುಮತಿ ಕೇಳಿದಳು. ತಮ್ಮನ ವಿಷಯ ಎತ್ತಲಿಲ್ಲ, ಆಶ್ರಯದಲ್ಲಿರುವವರಿಗೆ ತೊಂದರೆ ಎಂದಷ್ಟೇ ಹೇಳಿದಳು. ಯಾವ ಕಡೆಯಿಂದ ತೆಗೆಯೋಣ ಎಂದು ಅವರು ಕೇಳಿದರು. ಅತಿಥಿಗೃಹದ ಪರದೆ ಬದಲಾಯಿಸುವ ಬಾಬ್ತಿನಲ್ಲಿ ಬೊಜ್ಜಿದೆ ಎಂದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಬೊಜ್ಜಿದೆ ಅಂತ ಬರೆದು ಕೊಡ್ತೀರಾ? ಬರೆದ್ರೆ ನಾವು ಇಷ್ಟು ವರ್ಷ ಅದನ್ನ ಬಿಟ್ಟದ್ದು ಯಾಕೆ ಅಂತ ಕೇಳ್ತಾರೆ. ಅದೂ ಹೋಗ್ಲಿ, ಈಗ ಅಲ್ಲೂ ಇಲ್ಲ ಬಿಡಿ" ಎನ್ನುತ್ತಾ ಬೆಳಿಗ್ಗೆ ಬಂದ ಆದೇಶವನ್ನು ಮುಂದೆ ತಳ್ಳಿದರು.

ವರಮಾನ ಅಂದುಕೊಂಡಷ್ಟು ಬರುತ್ತಿಲ್ಲವಾದ್ದರಿಂದ ಮಂಜೂರಾದ ಎಲ್ಲ ಖರ್ಚಿನಲ್ಲೂ ಹತ್ತರಲ್ಲಿ ಒಂದು ಪಾಲನ್ನು ಈಗಿಂದೀಗಲೇ ತಡೆಹಿಡಿಯಬೇಕು ಎಂದಿತ್ತು ಆ ಆದೇಶ. ಎಲ್ಲರಿಗೂ ಒಂದೇ ಅಳತೆ. ಬೊಜ್ಜು ಉಳಿಸಿಕೊಂಡಿದ್ದವರದು ಬೊಜ್ಜು ಕರಗಿತು. ಪಾಲನಾಗೃಹದಲ್ಲಿ ಕರಗಲು ಬೊಜ್ಜೆಲ್ಲಿತ್ತು?

ಹಾಲಿಗೆ ಇನ್ನಷ್ಟು ನೀರು ಹಾಕಲು ಬರುವುದಿಲ್ಲ, ಆದ್ದರಿಂದ ಮಂಚಗಳನ್ನೇ ಕಡಿಮೆ ಮಾಡಬೇಕೆಂದು ತೀರ್ಮಾನವಾಯಿತು. ಮೂರರಲ್ಲಿ ಒಂದು ಭಾಗ ಜನರನ್ನು ಮನೆಗಳಿಗೆ ಕಳಿಸಬೇಕು. ಯಾರನ್ನು ಎಂಬುದಕ್ಕೆ ಎಲ್ಲ ಪಾಲನಾಗೃಹಗಳಿಗೂ ಹೊಂದುವ ಒಂದು ನಿಯಮ ಬೇಕು, ನೀವೇ ಒಂದು ಸಾಲು ಹೇಳಿ, ನಿಮ್ಮಷ್ಟು ನ್ಯಾಯವಾಗಿ ಯಾರೂ ಹೇಳುವುದಿಲ್ಲ ಎಂದರು ಸಾಹೇಬರು. ಹೊಗಳಿಕೆಯಾಗಿಯೇ ಹೇಳಿದರು, ಪಾಪ.

ಅವಳು ಕಿಟಕಿಯಾಚೆ ನೋಡಿದಳು. ಯಾರೂ ಇಲ್ಲದವರನ್ನು ಹೊರಗೆ ಹಾಕಿದರೆ ಅವರು ಬೀದಿಗೇ ಬೀಳುತ್ತಾರೆ. ಅದು ಆಗದ ಮಾತು. ಹಾಗಾದರೆ ಉಳಿದದ್ದು ಒಂದೇ. ದುಡಿಯುವ ರಕ್ತಸಂಬಂಧಿ ಇರುವವರನ್ನು ಅವರವರ ಮನೆಗೆ ಕಳಿಸಬಹುದು ಎಂದು ಸಮತಟ್ಟಾದ ದನಿಯಲ್ಲಿ ಹೇಳಿದಳು. ತಾನು ಹೇಳುತ್ತಿರುವುದು ತನ್ನ ತಮ್ಮನ ಬಗ್ಗೆ ಎಂದು ಅವಳಿಗೆ ಗೊತ್ತಿತ್ತು. ನ್ಯಾಯವಾದ ಇನ್ನೊಂದು ಸಾಲು ಹೊಳೆಯಲಿಲ್ಲ, ಅಷ್ಟೆ. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಯಂತ್ರದ ಚಕ್ರವನ್ನು ಕೆಳಗಿಟ್ಟು, ಬಚ್ಚಲುಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. ತಮಾಷೆ ಮಾಡಲಿಲ್ಲ.

ದಾರಿ ತೋರಿಸಿದ್ದು ಮೇಟ್ರನ್. ಇದ್ದದ್ದನ್ನು ಇದ್ದ ಹಾಗೇ ಬರೆದು ಕೈ ಸುಟ್ಟುಕೊಂಡವಳು ಅಷ್ಟರಲ್ಲಿ ಪಾಠ ಕಲಿತಿದ್ದಳು. ಇವಳ ತಮ್ಮನನ್ನು ಮನೆಗೆ ಕಳಿಸಿದರೆ ಏನಾಗುತ್ತದೆಂದು ಹಳೆಯ ಆಯಾಗಳಿಂದ ಕೇಳಿ ತಿಳಿದಿದ್ದಳು. ಮುಂದಿನ ಸಲ ಬಂದ ಭಾನುವಾರ ಇವಳನ್ನು ಮತ್ತೆ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದಳು. ಹಳೇ ದಾಖಲೆಗಳು ಮಳೆಗೆ ನೆನೆದು ಹೋದವು ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಚಾವಣಿ ಸೋರುವುದು ಎಲ್ಲರಿಗೂ ಗೊತ್ತು. ಚಾವಣಿಯ ದುರಸ್ತಿಗೆ ಕತ್ತರಿ ಹಾಕಿದವಳು ತಾನೇ ಎಂಬುದು ಇವಳಿಗೂ ಗೊತ್ತಿತ್ತು.

"ಯಾರೂ ಇಲ್ದೋನು ಅಂತ ಬರೀತೀನಿ. ಮಂಚ ಉಳಿಯತ್ತೆ. ಆದ್ರೆ ನೀವು ಇನ್ಮೇಲೆ ಬರೋ ಹಾಗಿಲ್ಲ ಮೇಡಂ. ಮನೆಗೆ ಹೋದವರ ಕಡೆಯೋರು ಒಬ್ರು ನಿಮ್ಮನ್ನ ಇಲ್ಲಿ ನೋಡಿದ್ರೂ ಮುಗೀತು."

ಅವನು ಉಳಿದರೆ ಅವನ ಬದಲಿಗೆ ಯಾರು ಹೋಗುತ್ತಾರೆ ಎಂದು ಅವಳು ಕೇಳಿದಳು. ಕೇಳಬಾರದಿತ್ತು, ಅಭ್ಯಾಸಬಲ. ಪಕ್ಕದ ಮಂಚದವನು ಎಂದಳು ಮೇಟ್ರನ್. ದಿನವಿಡೀ ಶಿಳ್ಳೆ ಹೊಡೆಯುತ್ತಿದ್ದ ಮುದುಕ. ಅವನಿಗೊಬ್ಬಳು ಅಣ್ಣನ ಮಗಳಿದ್ದಳು, ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವಳು. ನಿಯಮದ ಪ್ರಕಾರ ಅವಳೂ ದುಡಿಯುವ ರಕ್ತಸಂಬಂಧಿಯೇ, ಆದರೆ ದೂರದವಳೆಂದು ಅವನನ್ನು ಉಳಿಸಿಕೊಳ್ಳಬಹುದಿತ್ತು.

ಭಾವನ ಗ್ರಂಥಾಲಯಕ್ಕೂ ರಿಯಾಯಿತಿ ತೋರದವಳು ಆವತ್ತು "ಹಾಗೇ ಮಾಡಿ" ಎಂದಳು. ತಲೆ ತಗ್ಗಿಸಿ ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಇಲ್ಲವೆಂದರೆ ಇರಲಿ ಬಿಡಿ ಎನ್ನುವ ಹಾಗೆ ಹೇಳಿದಳು. ಹೊರಗೆ ಬಂದು ತಮ್ಮನ ಉಗುರು ತೆಗೆದಳು. ಎಂದಿಗಿಂತ ಸ್ವಲ್ಪ ಹೆಚ್ಚೇ ಒತ್ತಿ ತೆಗೆದಳು, ಬೇಗ ಬೆಳೆಯದಿರಲೆಂದು. ಅವನು ಒಂದು ಬೆರಳಿಗೆ ನೋವಾಗಿ ಕೈ ಎಳೆದುಕೊಂಡ. ಆಮೇಲೆ ತಾನೇ ಮತ್ತೆ ಚಾಚಿದ. "ಆಯ್ತು" ಎಂದ ಮೇಲೂ ಅವಳು ಕೂತೇ ಇದ್ದಳು; ಅವನಿಗೆ ಅದು ವಾಡಿಕೆಯಲ್ಲವಾದ್ದರಿಂದ ಎದ್ದು ಟವೆಲ್ ಮಡಿಸಲು ಹೋದ.

ಶಿಳ್ಳೆಯ ಮುದುಕ ಆ ತಿಂಗಳೇ ಹೋದ. ಅಣ್ಣನ ಮಗಳು ಡಿಪೋದ ಬೂಟು ಹಾಕಿಕೊಂಡೇ ಬಂದು ಕರೆದುಕೊಂಡು ಹೋದಳು ಎಂದು ಮೇಟ್ರನ್ ಫೋನಿನಲ್ಲಿ ಹೇಳಿದಳು. ಇವಳು ಕೇಳಿಸಿಕೊಂಡಳು. ಭಾನುವಾರಗಳು ಬಂದವು. ಮೊದಲ ಭಾನುವಾರ ಎದ್ದು ಸೀರೆ ಉಟ್ಟು ಚೀಲ ಹಿಡಿದು ಬಾಗಿಲವರೆಗೂ ಹೋಗಿದ್ದಳು. ಗಂಡ ಅವಳ ಕೈಯಿಂದ ಚೀಲ ತೆಗೆದು ಮೊಳೆಗೆ ನೇತುಹಾಕಿದ. ಆಮೇಲಿನ ಭಾನುವಾರಗಳಲ್ಲಿ ಅವಳು ಅವನ ಜೊತೆ ಕೂತು ಯಂತ್ರದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಳು. ಕಚೇರಿಗೂ ಹೋದಳು, ಬೇಡಿಕೆಗಳನ್ನೂ ಇಳಿಸಿದಳು. ಎಲ್ಲ ಮೊದಲಿನ ಹಾಗೇ ನಡೆಯಿತು. ಯಾರಿಗೂ ವ್ಯತ್ಯಾಸ ಕಾಣಲಿಲ್ಲ, ಅವಳಿಗೂ ಅಷ್ಟಾಗಿ ಕಾಣಲಿಲ್ಲ. ದುಃಖವಾಗಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ಖಾಲಿ ಮಾಡಿಸಿದ ಕೋಣೆಯ ಹಾಗೆ.

ಚಳಿಗಾಲ ಮುಗಿಯುವ ಹೊತ್ತಿಗೆ ಸರ್ಕಾರ ಒಂದು ಪರಿಶೀಲನಾ ಸಮಿತಿ ಮಾಡಿತು. ನಿಯಮದ ಪ್ರಕಾರ ಕಳಿಸಬೇಕಾದವರನ್ನೆಲ್ಲ ಕಳಿಸಿದ್ದಾರೋ ಇಲ್ಲವೋ ಎಂದು ಪಾಲನಾಗೃಹಗಳಿಗೆ ಹೋಗಿ ನೋಡಬೇಕು. ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು. ಹಣಕಾಸು ಇಲಾಖೆಯಿಂದ ಒಬ್ಬರು ಇರಲೇಬೇಕು. ಸಾಹೇಬರು ಅವಳ ಹೆಸರು ಕೊಟ್ಟರು. ಮೈಗೆ ಹುಷಾರಿಲ್ಲ ಎಂದು ನೋಡಿದಳು. ನಿಯಮ ಹೇಳಿದವರೇ ಹೋಗದಿದ್ದರೆ ಹೇಗೆ, ಒಂದು ದಿನದ ಮಾತಲ್ಲವೇ ಎಂದು ಸಾಹೇಬರು ಕೇಳಿದರು. ಹೋಗಲಾರದ ನಿಜವಾದ ಕಾರಣವನ್ನು ಹೇಳುವಂತಿರಲಿಲ್ಲ.

ಪಾಲನಾಗೃಹದ ಗೇಟಿನಲ್ಲಿ ಕಾರು ನಿಂತಾಗ ಕಾವಲಿನವನು ಅವಳನ್ನು ನೋಡಿ, ನೋಡದವನ ಹಾಗೆ ಸಲ್ಯೂಟ್ ಹೊಡೆದ. ಮೇಟ್ರನ್ ಅಧ್ಯಕ್ಷರಿಗೆ ನಮಸ್ಕಾರ ಹೇಳಿದಳು, ಇವಳಿಗೂ ಅಷ್ಟೇ ದೂರದಿಂದ ಹೇಳಿದಳು. ಮಂಚಗಳ ಸಾಲಿನಲ್ಲಿ ನಡುನಡುವೆ ಖಾಲಿ ಜಾಗಗಳಿದ್ದವು. ಗೋಡೆಯ ಮೇಲೆ ಸೋರಿದ ನೀರಿನ ಕಲೆ ಕಿಟಕಿಯವರೆಗೂ ಇಳಿದಿತ್ತು. ಶಿಳ್ಳೆ ಇಲ್ಲದ್ದರಿಂದ ಕೋಣೆ ದೊಡ್ಡದಾಗಿ ಕಂಡಿತು. ಅವಳು ಅಧ್ಯಕ್ಷರ ಬೆನ್ನ ಹಿಂದೆ, ಅವರ ಕೋಟಿನ ಹೊಲಿಗೆಯನ್ನೇ ನೋಡುತ್ತಾ ನಡೆದಳು.

ತಮ್ಮ ಕಿಟಕಿ ಪಕ್ಕದ ಮಂಚದ ಮೇಲೆ ಕೂತಿದ್ದ. ಮೊದಲಿಗಿಂತ ಸಣ್ಣಗಾಗಿದ್ದ. ಅವಳನ್ನು ನೋಡಿದ. ಇಷ್ಟು ದಿನ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಅವನ ಮುಖದಲ್ಲಿರಲಿಲ್ಲ, ಅಂಥ ಪ್ರಶ್ನೆಗಳು ಅವನಲ್ಲಿ ಹುಟ್ಟುವುದೇ ಇಲ್ಲ. ಎದ್ದು ಬಂದು, ಅಧ್ಯಕ್ಷರನ್ನು ಬಳಸಿಕೊಂಡು, ಅವಳ ಮುಂದೆ ನಿಂತು ಎರಡೂ ಕೈ ಚಾಚಿದ.

ಉಗುರುಗಳು ಉದ್ದಕ್ಕೆ ಬೆಳೆದು ಬಾಗಿದ್ದವು. ಕೆಲವು ಸೀಳಿದ್ದವು. ಕೆನ್ನೆಯ ಮೇಲೆ, ಕುತ್ತಿಗೆಯ ಮೇಲೆ ಅವನೇ ಗೀರಿಕೊಂಡ ಕಲೆಗಳಿದ್ದವು. ಒಂದು ಬೆರಳ ತುದಿಯಲ್ಲಿ ಹಳೇ ಗಾಯ ಒಣಗಿತ್ತು. ಅಧ್ಯಕ್ಷರು ನಿಂತು ಇವಳ ಮುಖ ನೋಡಿದರು.

"ಏನೋ ಕೇಳ್ತಿದಾನಲ್ಲ. ನಿಮ್ಮ ಪರಿಚಯದವನಾ?"

ಅವಳ ಚೀಲ ಹೆಗಲಲ್ಲಿತ್ತು. ಚೀಲದೊಳಗೆ ಆ ಸಣ್ಣ ಕತ್ತರಿ ಇತ್ತು. ಕೈ ಹಾಕಿದರೆ ಎರಡು ನಿಮಿಷದ ಕೆಲಸ, ಮಂಚ ಹೋಗುತ್ತಿತ್ತು, ಮಂಚದ ಜೊತೆ ಅವನೂ.

"ಇಲ್ಲ ಸಾರ್" ಎಂದಳು. "ನನ್ನ ಇನ್ಯಾರೋ ಅಂದ್ಕೊಂಡಿದಾನೆ."

ಅವಳು ಪಕ್ಕಕ್ಕೆ ಸರಿದಳು. ಅವನೂ ಅವಳ ಕಡೆಗೆ ಸರಿದು ಮತ್ತೆ ಕೈ ಚಾಚಿದ. ಆಯಾ ಒಬ್ಬಳು ಹೆಗಲು ಹಿಡಿದು ಮಂಚದ ಮೇಲೆ ಕೂರಿಸಿದಳು. ಅವನು ಕಿರುಚಲಿಲ್ಲ. ಕೈಗಳನ್ನು ಮೊಣಕಾಲ ಮೇಲೆ, ಬೆರಳುಗಳು ಮೇಲಕ್ಕೆ ಕಾಣುವ ಹಾಗೆ, ಸಾಲಾಗಿ ಇಟ್ಟುಕೊಂಡು, ಕ್ಷೌರದಂಗಡಿಯಲ್ಲಿ ಕೂತವನ ಹಾಗೆ ಬೇರೆ ಕಡೆ ನೋಡತೊಡಗಿದ. ಸಮಿತಿ ಅಡುಗೆಮನೆ ನೋಡಿತು, ಬಟ್ಟೆ ಒಗೆಯುವ ಕೋಣೆ ನೋಡಿತು, ಎಲ್ಲ ನಿಯಮದ ಪ್ರಕಾರ ಇದೆ ಎಂದು ಒಪ್ಪಿತು. ವಾಪಸು ಬರುವಾಗ ಅದೇ ಕೋಣೆಯನ್ನು ಹಾಯ್ದು ಬರಬೇಕಿತ್ತು. ಅವನು ಹಾಗೇ ಕೂತಿದ್ದ.

ಕಾರಿನಲ್ಲಿ ಅಧ್ಯಕ್ಷರಿಗೆ ಆ ಕೈಗಳು ಮರೆಯಲಿಲ್ಲ. ಒಳ್ಳೆಯ ಮನುಷ್ಯ. ಒಬ್ಬ ಮನುಷ್ಯನ ಉಗುರು ತೆಗೆಯುವುದಕ್ಕೂ ಅಲ್ಲಿ ಜನ ಇಲ್ಲವೇ ಎಂದು ಬೇಜಾರಿನಿಂದ ಕೇಳಿದರು.

"ಒಬ್ಬರು ಇದ್ರು ಸಾರ್" ಎಂದಳು ಅವಳು. "ತೆಗೆದ್ವಿ."

ಅಯ್ಯೋ, ತೆಗೆಯಬಾರದಿತ್ತು ಎಂದರು ಅವರು, ಆಯಾಗಳ ವಿಷಯವೆಂದುಕೊಂಡು. ಹೌದು ಸಾರ್ ಎಂದಳು. ಮುಂದಿನ ಪಾಲನಾಗೃಹಕ್ಕೆ ಇನ್ನೂ ಒಂದು ಗಂಟೆಯ ದಾರಿಯಿತ್ತು, ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.